ಅವನ ಕಡೆಗೆ ಓಡಿದ್ದು

ತಿಪ್ಪೇಶ ಆಂಧ್ರದ ಆದೋನಿಯ ಜಿನ್ನಿಂಗ್ ಮಿಲ್ಲಿನಿಂದ ಹತ್ತಿ ಬೇಲುಗಳನ್ನು ತುಂಬಿಕೊಂಡು ತಮಿಳುನಾಡಿನ ನೂಲಿನ ಗಿರಣಿಗಳಿಗೆ ಲಾರಿ ಹೊಡೆಯುತ್ತಿದ್ದ. ಹುಟ್ಟಿದ್ದು ಸಿ. ಬೆಳಗಲ್‌ನಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಓದಿದ್ದು ಆದೋನಿಯ ಸೋದರಮಾವನ ಮನೆಯಲ್ಲಿದ್ದುಕೊಂಡು, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಹೈವೇ ಮೇಲೆ ಅಷ್ಟಿಷ್ಟು ಹಿಂದಿ, ಇಷ್ಟರಲ್ಲಿ ಅವನ ಬದುಕು ನಡೆಯುತ್ತಿತ್ತು. ತಮಿಳು ಮಾತ್ರ ನಾಲಿಗೆಗೆ ಹತ್ತಿರಲಿಲ್ಲ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಸೇಲಂ ದಾಟಿ ಹೋಗುತ್ತಿದ್ದಾಗ, ಮುಂದೆ ದೂರದಲ್ಲಿದ್ದ ಬೈಕೊಂದು ರಸ್ತೆಯ ಮೇಲೆ ಚೆಲ್ಲಿದ್ದ ಮರಳಿನಲ್ಲಿ ಜಾರಿತು. ಸವಾರ ಹಾರಿ ಮೋರಿಯ ಕಟ್ಟೆಗೆ ಬಡಿದು ಬಿದ್ದ. ತಿಪ್ಪೇಶ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದು ಓಡಿದ. ಬಿದ್ದವನಿಗೆ ಪ್ರಜ್ಞೆ ಇರಲಿಲ್ಲ, ತಲೆಯಿಂದ ರಕ್ತ ಸುರಿಯುತ್ತಿತ್ತು. ಒಂದೆರಡು ಕಾರುಗಳು ನಿಧಾನ ಮಾಡಿ, ನೋಡಿ, ಮುಂದೆ ಹೋದವು. ತಿಪ್ಪೇಶ ತನ್ನ ಟವಲನ್ನು ಅವನ ತಲೆಗೆ ಬಿಗಿದು ಕಟ್ಟಿ, ರಸ್ತೆಯ ನಡುವೆ ನಿಂತು, ಕೈ ಅಡ್ಡ ಹಿಡಿದು ಹಾಲಿನ ವ್ಯಾನೊಂದನ್ನು ನಿಲ್ಲಿಸಿದ. ಲಾರಿಯನ್ನು ಇದ್ದಲ್ಲೇ ಬಿಟ್ಟು ಅದೇ ವ್ಯಾನಿನಲ್ಲಿ, ಗಾಯಾಳುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದ. ಅವರನ್ನು ಇಳಿಸಿದ ಮೇಲೆ ಹಾಲಿನವನು ತನ್ನ ಕೆಲಸಕ್ಕೆ ಹೊರಟುಹೋದ.

ಸ್ವಲ್ಪ ಹೊತ್ತಿಗೆ ಪೊಲೀಸರು ಬಂದರು. ಎಸ್ಸೈ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆಗೆ ಕನ್ನಡ, ತೆಲುಗು, ಹಿಂದಿ ಯಾವುದೂ ಬಾರದು, ಇವನಿಗೆ ತಮಿಳು ಬಾರದು. ಉಳಿದದ್ದು ಇಂಗ್ಲಿಷ್. ಏನಾಯಿತೆಂದು ಆಕೆ ಕೇಳಿದಾಗ ತಿಪ್ಪೇಶನಿಗೆ ಒಳಗೊಳಗೇ ಧೈರ್ಯವಾಯಿತು. ಶಾಲೆಯಲ್ಲಿ ಕಲಿತದ್ದು ನೆನಪಿತ್ತು. ನಡೆದುಹೋದ ಮಾತಾದ್ದರಿಂದ ‘ರನ್’ ಅನ್ನಬಾರದು, ‘ರ್‍ಯಾನ್’ ಅನ್ನಬೇಕು ಎಂಬುದೂ ನೆನಪಿತ್ತು.

“ಐ ರ್‍ಯಾನ್ ಇನ್‌ಟು ಹಿಮ್, ಮೇಡಂ” ಅಂದ.

ಆಕೆ ಬರೆಯುವುದನ್ನು ನಿಲ್ಲಿಸಿ, ಅದೇ ಮಾತನ್ನು ಮತ್ತೆ ಕೇಳಿದಳು. ತಿಪ್ಪೇಶ ಜೋರಾಗಿ ತಲೆಯಾಡಿಸಿದ.

“ಯೆಸ್ ಮೇಡಂ. ವೆರಿ ಫಾಸ್ಟ್.”

ಅವನ ಅಂಗಿಯೆಲ್ಲ ರಕ್ತವಾಗಿತ್ತು. ಆಕೆ ಲಾರಿಯ ಬೀಗದ ಕೈ ಇಸಿದುಕೊಂಡು ಅವನನ್ನು ಜೀಪಿಗೆ ಹತ್ತಿಸಿದಳು. ಸಾಕ್ಷಿ ಹೇಳುವುದಕ್ಕೆ ಕರೆದೊಯ್ಯುತ್ತಿದ್ದಾರೆ ಎಂದೇ ತಿಪ್ಪೇಶ ನಂಬಿದ್ದ. ಠಾಣೆಯಲ್ಲಿ ಬೆಲ್ಟು, ಪರ್ಸು ತೆಗೆದಿಡಲು ಹೇಳಿದಾಗ ತನ್ನನ್ನೇ ಹಿಡಿದಿದ್ದಾರೆಂದು ಅವನಿಗೆ ತಿಳಿಯಿತು. ಎಲ್ಲಿ ತಪ್ಪಿತೆಂದು ಮಾತ್ರ ಹೊಳೆಯಲಿಲ್ಲ. ಮನೆಗೆ ಫೋನು ಮಾಡಲು ಬಿಟ್ಟರು.

ಅವನ ಹೆಂಡತಿ ನಾಗಜ್ಯೋತಿ ಆದೋನಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಗಂಡ ಹೇಳಿದ್ದನ್ನು ಕೇಳಿ, ಹೊಲಿಗೆಯನ್ನು ಹಾಗೇ ಬಿಟ್ಟು, ಮೂರು ಓಣಿ ಆಚೆಗಿದ್ದ ಮಹಾಂತಮ್ಮ ಟೀಚರ ಮನೆಗೆ ಬಂದಳು. ಮಹಾಂತಮ್ಮ ಹತ್ತಿ ವ್ಯಾಪಾರದ ಮನೆತನದವರು. ಅಣ್ಣತಮ್ಮಂದಿರೆಲ್ಲ ಮಂಡಿ ವ್ಯಾಪಾರ ಹಿಡಿದರೆ ಅವರೊಬ್ಬರು ಟೀಚರಾಗಿ, ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತ ಬಂದಿದ್ದರು. ತಿಪ್ಪೇಶ, ನಾಗಜ್ಯೋತಿ ಇಬ್ಬರಿಗೂ ಅವರೇ ಗುರು.

“ಟೀಚರ್, ನಮ್ಮಾತನ್ನ ಸ್ಟೇಷನ್ದಾಗ ಕುಂದ್ರಿಸಿಕೊಂಡಾರಂತ್ರಿ. ಇಂಗ್ಲಿಷ್ ಬಿಟ್ರ ಅಲ್ಲಿ ಬ್ಯಾರೆ ಮಾತು ನಡಿಯಂಗಿಲ್ಲಂತ. ನೀವೊಂದೀಟು ಮಾತಾಡ್ರಿ.”

ಮಹಾಂತಮ್ಮ ಶಾಲೆಗೆ ಹೊರಟು ನಿಂತಿದ್ದರು. ಚೀಲ ಕೆಳಗಿಟ್ಟು ಫೋನು ತೆಗೆದುಕೊಂಡರು. ಮೊದಲು ಎಸ್ಸೈ ಮಾತಾಡಿದಳು. ಲಾರಿಯಿಂದ ಗುದ್ದಿದೆನೆಂದು ಆತನೇ ಒಪ್ಪಿಕೊಂಡಿದ್ದಾನೆ, ಅದೂ ವೇಗವಾಗಿ ಗುದ್ದಿದೆನೆಂದು ಎರಡು ಸಲ ಹೇಳಿದ್ದಾನೆ ಎಂದಳು. ಮಹಾಂತಮ್ಮ, ಆತ ಯಾವ ಮಾತು ಬಳಸಿದ್ದನೋ ಅದನ್ನೇ ಹೇಳಿ ಎಂದು ಕೇಳಿಕೊಂಡರು. ಕೇಳಿದ ಕೂಡಲೇ ಎಡವಟ್ಟು ಎಲ್ಲಾಗಿದೆಯೆಂದು ಅವರಿಗೆ ಹೊಳೆಯಿತು. ಒಂದು ನಿಮಿಷ ನನ್ನ ಹುಡುಗನಿಗೆ ಕೊಡಿ ಎಂದರು.

“ತಿಪ್ಪೇಶ, ಗಾಬರಿ ಆಗಬ್ಯಾಡ. ಏನಾತು ಅಂಬೋದು ಕನ್ನಡದಾಗ ಹೇಳು.”

“ಬಿದ್ದಿದ್ನರೀ ಟೀಚರ್. ನಾ ಲಾರಿ ನಿಂದ್ರಿಸಿ, ಇಳಿದು, ಅವನ ಕಡಿಗಿ ಓಡಿದೆ.”

“ಓಡಿದ್ದು ನೀನಾ, ಲಾರಿನಾ?”

“ನಾನ್ರಿ. ಲಾರಿ ಅಲ್ಲೇ ದೂರ ನಿಂತೈತಿ.”

“ಮತ್ತ ಇನ್‌ಟು ಯಾಕಂದಿ?”

“ಬರೇ ಟು ಅಂದ್ರ ಸುಮ್ನ ನಡಕೊಂತ ಹೋದಂಗ ಆಕೈತೇನೋ ಅನ್ನಿಸ್ತು. ಇನ್‌ಟು ಅಂದ್ರ ಜೋರಾಗಿ ಓಡಿದ್ದು ತಿಳಿತೈತಿ ಅಂದ್ಕಂಡೆ.”

ಮಹಾಂತಮ್ಮನವರ ಕಣ್ಣು ತುಂಬಿತು. ಎಸ್ಸೈಗೆ ಫೋನು ಕೊಡಿಸಿ ಮತ್ತೆ ಆಕೆಯ ಜೊತೆ ಮಾತಾಡಿದರು. ‘ರ್‍ಯಾನ್’ ಆದಮೇಲೆ ‘ಟು’ ಬಂದರೆ ಕಡೆಗೆ ಓಡಿದ ಎಂದು, ಅದೇ ‘ಇನ್‌ಟು’ ಬಂದರೆ, ಕೋಣೆಯ ಮಾತಾದಾಗ ಒಳಗೆ ಓಡಿದ ಎಂದು, ಗಾಡಿ ಓಡಿಸುವವನು ಮನುಷ್ಯನ ಬಗ್ಗೆ ಹೇಳಿದಾಗ ಗುದ್ದಿದ ಎಂದು ಅರ್ಥ. ಇದು ಆ ಇಬ್ಬರು ಹೆಂಗಸರಿಗೂ ಗೊತ್ತಿದ್ದದ್ದೇ. ಆದರೆ ಈತ ಪಾಠದಲ್ಲಿ ಕಲಿತದ್ದು ಕೋಣೆಯೊಳಗೆ ಓಡಿದ ಹುಡುಗನ ವಾಕ್ಯ ಒಂದೇ, ರಸ್ತೆಯ ಇಂಗ್ಲಿಷನ್ನು ಅವನಿಗೆ ಯಾರೂ ಕಲಿಸಿಲ್ಲ ಎಂದು ಮಹಾಂತಮ್ಮ ವಿವರಿಸಿದರು. ನನ್ನ ಮಾತನ್ನೂ ನಂಬಬೇಡಿ, ಲಾರಿ ಎಲ್ಲಿ ನಿಂತಿದೆ ಎಂದು ಹೋಗಿ ನೋಡಿ ಎಂದರು.

ಬರೀ ಮಾತಿನ ಮೇಲೆ ಬಿಡಲಾಗದು, ಹೋಗಿ ನೋಡುತ್ತೇನೆ ಎಂದಷ್ಟೇ ಎಸ್ಸೈ ಹೇಳಿದಳು.

ಆಕೆ ತಾನೇ ಹೋಗಿ ನೋಡಿದಳು. ಲಾರಿ ಮೋರಿಗಿಂತ ಬಹಳ ಹಿಂದೆ, ಡಾಂಬರು ಬಿಟ್ಟು ಮಣ್ಣಿನ ಮೇಲೆ ನಿಂತಿತ್ತು. ಬಂಪರಿನ ಮೇಲೆ ಒಂದು ಗೀರೂ ಇರಲಿಲ್ಲ, ಧೂಳು ಹಾಗೇ ಕೂತಿತ್ತು. ಬೈಕು ಜಾರಿದ ಗೆರೆ ಮರಳಿನಲ್ಲಿ ಕಾಣುತ್ತಿತ್ತು. ಮಧ್ಯಾಹ್ನಕ್ಕೆ ಗಾಯಾಳುವಿಗೆ ಎಚ್ಚರವಾಯಿತು. ಅವನು ಮಗ್ಗದ ನೇಕಾರ, ಮನೆಯಲ್ಲಿ ತಾಯಿಯೊಬ್ಬಳೇ. ತಾನಾಗಿಯೇ ಜಾರಿ ಬಿದ್ದೆ, ಆಮೇಲಿನದು ನೆನಪಿಲ್ಲ ಎಂದು ಹೇಳಿದ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಎಸ್ಸೈ ಠಾಣೆಗೆ ಬಂದು ತಿಪ್ಪೇಶನಿಗೆ ಬೀಗದ ಕೈಯನ್ನು ತಾನೇ ಕೊಟ್ಟಳು. ಕ್ಷಮೆ ಕೇಳಿದಳು. ಊಟ ತರಿಸಿದಳು. ಅಂಗಿಯ ಗತಿ ನೋಡಿ ಕಾನ್‌ಸ್ಟೇಬಲ್ ಒಬ್ಬರು ತಮ್ಮದೊಂದು ಅಂಗಿ ಕೊಟ್ಟರು. ಹೊರಡುವ ಮುಂಚೆ ಅವನು ಆಸ್ಪತ್ರೆಗೆ ಹೋದಾಗ ನೇಕಾರನ ತಾಯಿ ಅವನ ಎರಡೂ ಕೈ ಹಿಡಿದುಕೊಂಡು ತಮಿಳಿನಲ್ಲಿ ಬಹಳ ಹೊತ್ತು ಮಾತಾಡಿದಳು. ಅವನಿಗೆ ಒಂದು ಪದವೂ ತಿಳಿಯಲಿಲ್ಲ, ಆದರೂ ಅವಳು ಮುಗಿಸುವವರೆಗೆ ನಿಂತಿದ್ದ. ಆಕೆ ತನ್ನ ಮಗನೇ ನೇಯ್ದ ಒಂದು ಸೀರೆಯನ್ನು ನೆರೆಯವರ ಕೈಲಿ ಮನೆಯಿಂದ ತರಿಸಿ ಕೊಟ್ಟಳು.

ಆದೋನಿಗೆ ಬಂದ ಮರುದಿನ ಗಂಡಹೆಂಡತಿ ಆ ಸೀರೆ ಹಿಡಿದುಕೊಂಡು ಟೀಚರ ಮನೆಗೆ ಹೋದರು. ಮಹಾಂತಮ್ಮ ತೆಗೆದುಕೊಳ್ಳಲಿಲ್ಲ. ಜೀವ ಉಳಿಸಿದ್ದಕ್ಕೆ ಕೊಟ್ಟದ್ದು, ನಾಗಜ್ಯೋತಿಯೇ ಉಡಬೇಕು ಎಂದರು. ತಿಪ್ಪೇಶ ಅವರ ಪಾದ ಮುಟ್ಟಿದ.

“ನೀವು ಕಲಿಸಿದ್ದಕ್ಕ ಬಾಯಿ ಬಂತು, ನೀವ ಮಾತಾಡಿದ್ದಕ್ಕ ಮನಿಗೆ ಬಂದೆ” ಅಂದ.

“ನಿನಗ ಕಲಿಸಬೇಕಾದ್ದು ನನ್ನ ಕಡಿಂದ ಇನ್ನೂ ಬಾಕಿ ಐತಿ” ಎಂದರು ಮಹಾಂತಮ್ಮ. “ಸೋಮವಾರ ಸಾಲಿಗೆ ಬಾ.”

ಸೋಮವಾರ ಅವರು ಒಂಬತ್ತನೆಯ ತರಗತಿಯನ್ನು ಅಂಗಳದಲ್ಲೇ ಕೂರಿಸಿದರು. ತಿಪ್ಪೇಶ ಬೇವಿನ ಮರದ ಕಡೆಗೆ ಓಡಿದ, ಮಕ್ಕಳು ‘ರ್‍ಯಾನ್ ಟು’ ಎಂದು ಕೂಗಿದರು. ಒಬ್ಬಳ ಹಿಂದೆ ಓಡಿದಾಗ ‘ರ್‍ಯಾನ್ ಆಫ್ಟರ್’ ಎಂದರು. ಮರಕ್ಕೆ ಭುಜ ತಗುಲಿಸಿದಾಗ ‘ರ್‍ಯಾನ್ ಇನ್‌ಟು’ ಎಂದು ಎಲ್ಲರೂ ನಕ್ಕರು. ಆಗ ಮಹಾಂತಮ್ಮ ಅವನನ್ನು ನಿಲ್ಲಿಸಿ, ತಮಿಳುನಾಡಿನಲ್ಲಿ ಆದದ್ದನ್ನು ಅವನ ಬಾಯಿಂದಲೇ ಹೇಳಿಸಿದರು. ನಗು ನಿಂತಿತು. ಹಿಂದಿನ ಸಾಲಿನ ಉಚ್ಚಮ್ಮ ಎಂಬ ಹುಡುಗಿ ಎದ್ದು, ಬೇರೆ ಗಾಡಿಗಳು ಹೋದರೂ ನೀವು ಯಾಕೆ ನಿಂತಿರಿ ಎಂದು ಕೇಳಿದಳು. ಬಿದ್ದಿದ್ದನಲ್ಲವ್ವ, ಅಂದ ತಿಪ್ಪೇಶ.

ನೇಕಾರನಿಗೂ ತಿಪ್ಪೇಶನಿಗೂ ನಡುವೆ ಇರುವ ಭಾಷೆ ಇಂಗ್ಲಿಷ್ ಒಂದೇ, ಇಬ್ಬರಿಗೂ ಅದು ಅರೆಬರೆ. ಆದರೂ ನೇಕಾರ ಆಗಾಗ ಫೋನು ಮಾಡುತ್ತಾನೆ. ಮೊದಲು, ಎದ್ದು ಕೂತೆ ಎಂದು ಹೇಳಿದ. ಯುಗಾದಿಯ ಹೊತ್ತಿಗೆ ಮಾಡಿದಾಗ ತಿಪ್ಪೇಶ ಮಿಲ್ಲಿನಲ್ಲಿ ಬೇಲು ತುಂಬಿಸುತ್ತಿದ್ದ. ಗದ್ದಲದಲ್ಲಿ ಸರಿಯಾಗಿ ಕೇಳಿಸದೆ ಹೊರಗೆ ಬಂದು, ಫೋನನ್ನು ಕಿವಿಗೆ ಒತ್ತಿಕೊಂಡ.

“ಟುಡೇ ಐ ವಾಕ್ಡ್ ಟು ಮೈ ಲೂಮ್” ಎನ್ನುತ್ತಿದ್ದ ಆತ.

ತನ್ನ ಮಗ್ಗದ ತನಕ ನಡೆದುಹೋಗಿದ್ದಾನೆ. ತಿಪ್ಪೇಶನಿಗೆ ಅದು ಪೂರ್ತಿ ತಿಳಿಯಿತು. ವೆರಿ ಗುಡ್, ವೆರಿ ಗುಡ್ ಎಂದು ಹೇಳುತ್ತ ಲಾರಿಯ ನೆರಳಿನಲ್ಲಿ ಕೂತುಬಿಟ್ಟ.