ಐವತ್ತನೇ ವರ್ಷದ ಶ್ರುತಿ

ನಮ್ಮಕ್ಕನಿಗೆ ಹೆದರದವರು ಯಾರಿದ್ದಾರೆ ಹೇಳಿ? ನಾನಂತೂ ಈ ಅರವತ್ತೆಂಟರಲ್ಲೂ ಹೆದರುತ್ತೇನೆ. ಅವಳು ಹಾಡೋಳು, ನಾನು ಅವಳ ಹಿಂದೆ ನಿಂತು ಗಿಟಾರ್ ಬಾರಿಸೋಳು. ನಮ್ಮ ಸೋಲ್ ಸಂಗೀತದ ತಂಡದ ಮೊದಲ ರೆಕಾರ್ಡ್ ಬಂದು, ಕಾರ್ಯಕ್ರಮ ಇಟ್ಟುಕೊಂಡಿದ್ದ ಆ ಭಾನುವಾರಕ್ಕೆ ಸರಿಯಾಗಿ ಐವತ್ತು ವರ್ಷ. ಈಗ ಎಲ್ಲಿ ನೋಡಿದರೂ ಹೀಗೆ ವರ್ಷ ಎಣಿಸಿ ಕಾರ್ಯಕ್ರಮ ಮಾಡೋ ಹುಚ್ಚು. ನಾವು ಹಾಡಬೇಕಿದ್ದ ಹಾಲ್‌ನಲ್ಲೇ ಹಿಂದಿನ ವಾರ ಒಂದು ರಾಕ್ ತಂಡಕ್ಕೆ ನಲವತ್ತು ತುಂಬಿದ್ದು, ಮುಂದಿನ ವಾರ ಇನ್ಯಾರೋ ಡ್ರಮ್ಮರ್ ಸತ್ತು ಮೂವತ್ತಾಗಿದ್ದು. ಮ್ಯಾನೇಜರ್ ಗೋಡೆಗೆ ಪಟ್ಟಿ ಅಂಟಿಸಿದ್ದ, ನಡುವೆ ನಾವು.

ಜನಕ್ಕೆ ಬೇಕಾದ್ದು ಒಂದೇ ಹಾಡು. ಅದರ ಕೊನೆಯಲ್ಲಿ ಅಕ್ಕ ಒಂದೇ ಉಸಿರಿಗೆ ಮೇಲಕ್ಕೆ ಹತ್ತುವ ಜಾಗ ಬರುತ್ತೆ. ಅದಕ್ಕೂ ಹಿಂದಿನ ತಿಂಗಳು ಅಡುಗೆಮನೆಯಲ್ಲಿ ಅದನ್ನು ಹತ್ತಲು ಹೋಗಿ ದನಿ ಒಡೆದು, ತಟ್ಟನೆ ನಲ್ಲಿಯನ್ನು ಜೋರಾಗಿ ಬಿಟ್ಟುಬಿಟ್ಟಳು. ಬಾಗಿಲಲ್ಲಿದ್ದ ನಾನು ಸದ್ದಿಲ್ಲದೆ ಹಿಂದೆ ಸರಿದೆ. ಎಂಟುನೂರು ಜನರೆದುರು ಹೀಗಾದರೆ ಏನಪ್ಪಾ ಗತಿ? ಶ್ರುತಿ ಇಳಿಸೋಣವಾ ಅಂತ ಅವಳನ್ನು ಕೇಳೋ ಧೈರ್ಯ ಯಾರಿಗಿದೆ! ಹಿಂದೊಮ್ಮೆ ಕೇಳಿದ ಕೀಬೋರ್ಡಿನವನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು.

ಪ್ರಾಕ್ಟೀಸಿಗೆ ಅವಳು ಬರೋದೇ ಇಲ್ಲ. "ಐವತ್ತು ವರ್ಷ ಹಾಡಿದ್ದನ್ನ ಇನ್ನೇನೇ ಕಲಿಯೋದು?" ಅಂದಳು. ಒಳ್ಳೇದೇ ಆಯ್ತು ಅಂದುಕೊಂಡೆ. ಉಳಿದ ನಾಲ್ವರನ್ನು ಒಪ್ಪಿಸಿ, ಇಡೀ ಹಾಡನ್ನು ಕೀಬೋರ್ಡಿನ ಎರಡು ಮನೆ ಕೆಳಕ್ಕೆ ಇಳಿಸಿದೆ.

ಭಾನುವಾರ ಮಧ್ಯಾಹ್ನ ವೇದಿಕೆಯ ಮೇಲೆ ದೀಪದ ಬೆಳಕು ಬಿತ್ತು. ಅಕ್ಕ ಮೈಕ್ ಹಿಡಿದಳು. ಆಗ ಹೊಳೆಯಿತು ನೋಡಿ, ನನ್ನ ಬುದ್ಧಿಗಿಷ್ಟು! ಮೊದಲ ನಾಲ್ಕು ಸಾಲು ಅವಳೊಬ್ಬಳೇ ಹಾಡೋದು, ವಾದ್ಯ ಇಲ್ಲ. ಪ್ರಾಕ್ಟೀಸಿನಲ್ಲಿ ಹಾಡೋರೇ ಇಲ್ಲದೆ ನಾವು ಐದನೇ ಸಾಲಿನಿಂದಲೇ ಶುರು ಮಾಡುತ್ತಿದ್ದೆವು.

ಅವಳು ಹಳೇ ಶ್ರುತಿಯಲ್ಲೇ ಎತ್ತಿಕೊಂಡಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಐದನೇ ಸಾಲಿಗೆ ನಾವು ಇಳಿಸಿದ ಶ್ರುತಿಯಲ್ಲಿ ಸೇರಿಕೊಂಡರೆ ಅಪಸ್ವರ ನಮ್ಮದು, ಮಾನ ಹೋಗೋದು ಅವಳದು. ಹಳೇ ಶ್ರುತಿಗೇ ಹೋದರೆ ಕೊನೆಯಲ್ಲಿ ಆ ಜಾಗ ಕಾದು ಕೂತಿದೆ. ಎರಡನೇ ಸಾಲು ಮುಗಿಯಿತು. ಮೂರನೆಯದೂ ಮುಗಿಯಿತು. ನಾಲ್ಕು ಮುಗಿಯೋ ಹೊತ್ತಿಗೆ ತಡೆಯಲಾರದೆ, ಬಾರಿಸಬೇಡಿ ಅಂತ ತಂಡಕ್ಕೆ ಕೈ ಎತ್ತಿದೆ.

ಅಕ್ಕ ತಿರುಗಿದಳು, ಅಂಗೈಯಿಂದ ಮೈಕ್ ಮುಚ್ಚಿದಳು.

"ಏನಾಯ್ತೇ?"

ಹತ್ತಿರ ಹೋದೆ. "ಶ್ರುತಿ ಇಳಿಸಿದೀನಕ್ಕಾ. ನಿನಗೆ ಹೇಳದೇನೇ. ಬಯ್ಯೋದಾದ್ರೆ ಆಮೇಲೆ ಬಯ್ಯಿ."

"ಎಷ್ಟು?"

"ಎರಡು ಮನೆ."

ಮೈಕ್ ಮುಚ್ಚಿದ್ದ ಅವಳ ಬೆರಳುಗಳು ಗಡಗಡ ನಡುಗುತ್ತಿದ್ದವು. ಮೊದಲಿಂದಲೂ ನಡುಗುತ್ತಿದ್ದವೋ ಏನೋ, ಬೆನ್ನ ಹಿಂದೆ ನಿಂತ ನನಗೆ ಕಂಡಿರಲಿಲ್ಲ.

"ಎರಡು ಸಾಲದು ಕಣೇ," ಅಂದಳು. "ಇನ್ನೊಂದು ಇಳಿಸು."