ಆ ‘ಟಕ್’ ಕೇಳಿಸಿತೆ?

ಸೀಮೆಎಣ್ಣೆಯ ವಾಸನೆಯಿಂದ ಶುರುಮಾಡಲೇ? ಬರೀ ಸೀಮೆಎಣ್ಣೆಯಲ್ಲ, ಬಿಸಿ ಕಬ್ಬಿಣ, ಗೋಣಿತಾಟು, ಚಿಕ್ಕಪ್ಪನ ಅಂಗಿಯ ತೋಳು ಎಲ್ಲ ಸೇರಿದ್ದು. ನನಗಾಗ ಏಳು ವರ್ಷ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

(ವಾಸನೆಯಿಂದ ಶುರುವಾಗುವ ಕಥೆಗಳನ್ನು ನೀವು ಬೇಕಾದಷ್ಟು ಓದಿರುತ್ತೀರಿ. ಇದನ್ನು ಹೊಡೆದುಹಾಕಿ ಟ್ರ್ಯಾಕ್ಟರಿನಿಂದಲೇ ಶುರುಮಾಡುತ್ತೇನೆ.)

೧.

ತಗಡಿನ ಶೆಡ್ಡು. ನಡುವೆ ಅರ್ಧಗೋಡೆ. ಆಚೆ ಮೇಸ್ತ್ರಿಯ ಹೆಂಡತಿಯ ಹೊಲಿಗೆ ಮೆಷಿನ್ನು. ಈಚೆ ಮೇಸ್ತ್ರಿ, ಮತ್ತು ಅವನಿಗಿಂತ ಎಂಟು ವರ್ಷ ದೊಡ್ಡದಾದ ಟ್ರ್ಯಾಕ್ಟರು. ಬ್ಯಾಟರಿಯಿಲ್ಲ, ಸೆಲ್ಫ್ ಇಲ್ಲ. ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕು. ಮೂವತ್ತು ವರ್ಷದಿಂದ ಉಸಿರೆತ್ತದ ಗಾಡಿ.

ಮೇಸ್ತ್ರಿ ಪ್ಲಗ್ ಬಿಚ್ಚಿ, ವೈರ್ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು ತಿರುಗಿಸಿದ. ಕಿಡಿಯಿಲ್ಲ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಮುಚ್ಚಳ ತೆಗೆದ: ಒಳಗೆ ತೇವ, ಪಾಯಿಂಟಿನ ಮೇಲೆ ಕಿಲುಬು. ಒರೆಸಿ, ಉಜ್ಜಿ, ಮುಚ್ಚಳವನ್ನು ಬಿಸಿಲಿಗಿಟ್ಟು ಮತ್ತೆ ಹಾಕಿದ. ಈ ಸಲ ಜೋರಾಗಿ ತಿರುಗಿಸಿದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ.

ಗೊತ್ತಿಲ್ಲದವರು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಮೇಸ್ತ್ರಿಗೆ ಹೆದರಿಕೆ ಶುರುವಾಗುವುದು ಇಲ್ಲಿಂದಲೇ. ಕಿಡಿ ಬಂದರೆ ಸಾಲದು, ತುಸು ತಡವಾಗಿ ಬರಬೇಕು. ಅದಕ್ಕೆಂದೇ ಮ್ಯಾಗ್ನೆಟೊ ಬೆನ್ನಲ್ಲಿ ಸ್ಪ್ರಿಂಗಿನ ಕೊಕ್ಕೆಯೊಂದಿದೆ. ನಿಧಾನವಾಗಿ ತಿರುಗಿಸಿದಾಗ ಅದು ಕಿಡಿಯನ್ನು ಅರೆಗಳಿಗೆ ತಡೆದು, ‘ಟಕ್’ ಎಂದು ಬಿಡುತ್ತದೆ. ಟಕ್ ಬಾರದಿದ್ದರೆ ಕೊಕ್ಕೆ ಹಳೇ ಗ್ರೀಸಿನಲ್ಲಿ ಅಂಟಿಕೊಂಡಿದೆ ಎಂದರ್ಥ. ಆಗ ಕಿಡಿ ಮುಂಚೆಯೇ ಹಾರುತ್ತದೆ, ಎಂಜಿನ್ನು ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ಲು ಮಣಿಕಟ್ಟನ್ನು ಮುರಿಯುತ್ತದೆ.

ಮೇಸ್ತ್ರಿಗೆ ಎರಡು ವರ್ಷದಿಂದ ಸಣ್ಣ ಸದ್ದುಗಳು ಕೇಳಿಸುತ್ತಿಲ್ಲ. ಯಾರಿಗೂ ಹೇಳಿಲ್ಲ. (ನಿಮಗೆ ಹೇಳಿದ್ದೇನೆ. ಬಾಯಿ ಬಿಡಬೇಡಿ.)

೨. (ಹರಿದುಹಾಕಿದ್ದು)

ಆಚೆ ಹೊಲಿಗೆ ಮೆಷಿನ್ನು ಗಡಗಡ ಓಡುತ್ತಿತ್ತು. ಟಕ್ ಕೇಳಿಸಿತೆಂದುಕೊಂಡು ಮೇಸ್ತ್ರಿ ಹ್ಯಾಂಡಲ್ ಎಳೆದ. ಎಂಜಿನ್ನು ಒದೆಯಿತು. ಮಣಿಕಟ್ಟು...

“ಸ್ವಲ್ಪ ತಡೀರಮ್ಮ,” ಅಂದ ಮೇಸ್ತ್ರಿ. “ಈ ಕೈ ಮುರೀತಿರೋದು ಎಷ್ಟನೇ ಸಲ?”

“ನಾಲ್ಕನೇದು,” ಅಂದೆ.

“ಕಥೆ ಚೆನ್ನಾಗಾಗ್ಲಿ ಅಂತ ನನ್ನ ಕೈ ಯಾಕೆ? ನಿಮ್ಮದನ್ನೇ ಮುರ್ಕೊಳ್ಳಿ.”

“ನನ್ನ ಕೈಗೆ ಬರೆಯೋ ಕೆಲಸ ಇದೆಯಲ್ಲಪ್ಪ.”

“ನನ್ನ ಕೈಗೇನು, ನೊಣ ಓಡಿಸೋ ಕೆಲಸಾನಾ?”

ನಿಜ ಹೇಳಬೇಕಾಯಿತು.

೩.

ಏಳು ವರ್ಷದ ನಾನು ಚಿಕ್ಕಪ್ಪನ ಟ್ರ್ಯಾಕ್ಟರಿನ ಪಕ್ಕ ಕೂತು ಡಬ್ಬಿಯ ಮುಚ್ಚಳ ಬಡಿಯುತ್ತಿದ್ದೆ. “ಒಂದೇ ನಿಮಿಷ ಸುಮ್ನಿರು ಪುಟ್ಟಿ,” ಅಂದ. ನಾನು ಇನ್ನೂ ಜೋರಾಗಿ ಬಡಿದೆ. ಟಕ್ ಕೇಳಿಸದೆಯೇ ಅವನು ಹ್ಯಾಂಡಲ್ ಎಳೆದ. ಆಮೇಲೆ ಕೇಳಿಸಿದ ಸದ್ದನ್ನು ಬರೆಯುವುದಿಲ್ಲ. ಅವನ ಬಲಗೈ ಮತ್ತೆ ನೆಟ್ಟಗಾಗಲಿಲ್ಲ. ಸಂಜೆ ಆಸ್ಪತ್ರೆಯಿಂದ ಬಂದ ಚಿಕ್ಕಪ್ಪ ಎಡಗೈಯಲ್ಲಿ ಮುಚ್ಚಳ ಹುಡುಕಿ ತಂದು, “ತಗೋ, ನಿನ್ನ ಡೋಲು,” ಅಂದ. ಅಷ್ಟೇ. (ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.)

ಹಾಗಾಗಿ ಟ್ರ್ಯಾಕ್ಟರಿನ ಬಗ್ಗೆ ಬರೆಯಲು ಕೂತರೆ ನನ್ನ ಪೆನ್ನೇ ಹಿಂದಕ್ಕೆ ಒದೆಯುತ್ತದೆ.

ಮೇಸ್ತ್ರಿ ತನ್ನ ಮಣಿಕಟ್ಟು ಸವರಿಕೊಂಡ. “ಹಾಗಾದ್ರೆ ನಿಮಗೂ ಭಯಾನೇ,” ಅಂದ. “ಆದ್ರೆ ಗಾಡಿಯೋರು ನಾಲ್ಕಕ್ಕೆ ಬರ್ತಾರಮ್ಮ, ತಿರುಗಿಸದೇ ಇರೋಕಾಗಲ್ಲ. ಕಿವಿ ಹೋಗಿದೆ ಅಂತ ಗೊತ್ತಾದ್ರೆ ನಾಳೆಯಿಂದ ಯಾರೂ ಈ ಕಡೆ ತಲೆ ಹಾಕಲ್ಲ.”

೪.

ಪ್ಲಗ್ ಇನ್ನೂ ಹೊರಗೇ ಇತ್ತು. ಮೇಸ್ತ್ರಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸುತ್ತ ತಲೆಯನ್ನು ಮ್ಯಾಗ್ನೆಟೊ ಕಡೆ ವಾಲಿಸಿದ. ಪಾದದಡಿ ನೆಲದ ನಡುಕ ನಿಂತಿತು: ಹೊಲಿಗೆ ಮೆಷಿನ್ನು ಸುಮ್ಮನಾಗಿತ್ತು.

ಟಕ್. ಮೇಸ್ತ್ರಿಯ ಎದೆ ಹಗುರಾಯಿತು.

ಮೆಷಿನ್ನು ಮತ್ತೆ ಓಡಿತು. ಇನ್ನೊಂದು ಸಲ ನೋಡೋಣವೆಂದು ತಲೆ ವಾಲಿಸಿದ. ಮೆಷಿನ್ನು ಮತ್ತೆ ನಿಂತಿತು. ಟಕ್.

“ಏನೇ, ದಾರ ಮುಗೀತಾ?” ಎಂದು ಕೂಗಿದ.

“ಹೂಂ ರೀ,” ಎಂದು ಅವಳೂ ಕೂಗಿದಳು.

“ಎರಡು ನಿಮಿಷಕ್ಕೊಂದ್ಸಲ ಮುಗಿಯೋ ದಾರ ಎಲ್ಲಿಂದ ತಂದೆ?”

ಕೇಳಿದ ಮೇಲೆ ಮೇಸ್ತ್ರಿಗೇ ಹೊಳೆಯಿತು. ಈ ಎರಡು ವರ್ಷ, ತಾನು ಯಾವ ಎಂಜಿನ್ನಿಗೆ ತಲೆ ವಾಲಿಸಿದರೂ ಆ ಮೆಷಿನ್ನು ನಿಂತಿದೆ. ಅವಳಿಗೆ ಮೊದಲಿನಿಂದಲೂ ಗೊತ್ತು.

(ಇದನ್ನು ನಾನು ಬರೆದದ್ದಲ್ಲ. ಅವಳೇ ಮಾಡಿಕೊಂಡು ಬಂದದ್ದು.)

ಅವನು ಪ್ಲಗ್ ಹಾಕಿ ಬಿಗಿದ. ಪೆಟ್ರೋಲ್ ಬಿಟ್ಟ. ಹ್ಯಾಂಡಲ್ ಹಿಡಿದ, ಹೆಬ್ಬೆರಳನ್ನು ಉಳಿದ ನಾಲ್ಕರ ಸಾಲಿಗೇ ಸೇರಿಸಿ. ಒದ್ದರೆ ಕೈ ಕಳಚಿಕೊಳ್ಳಲಿ ಎಂದು. ಎಳೆಯಲಿಲ್ಲ. ಎರಡು ವರ್ಷ ನುಂಗಿಕೊಂಡಿದ್ದ ಮಾತನ್ನು ಹೊರಗೆ ಹಾಕಿದ:

“ನಿಂಗೆ ಕೇಳಿಸ್ತಾ?”

ಅವಳು ಆಗಲೇ ಅರ್ಧಗೋಡೆ ದಾಟಿ ಬಂದಿದ್ದಳು.

“ಇಲ್ಲ ರೀ. ಒಂದ್ಸಲಾನೂ ಅನ್ನಲಿಲ್ಲ.”

ಹಾಗಾದರೆ ಅವನಿಗೆ ಕೇಳಿಸಿದ್ದು? ನಲವತ್ತು ವರ್ಷ ಕೇಳಿದ ಟಕ್ಕುಗಳು, ತಲೆಯೊಳಗೇ. ಹ್ಯಾಂಡಲ್ಲಿನಿಂದ ಕೈ ತೆಗೆದ. (ನಾನು ಪೆನ್ನಿನಿಂದ.)

೫.

ಮ್ಯಾಗ್ನೆಟೊವನ್ನು ಇಡಿಯಾಗಿ ಇಳಿಸಿ, ಕೊಕ್ಕೆಯನ್ನು ಸೀಮೆಎಣ್ಣೆಯಲ್ಲಿ ತೊಳೆದ. (ಹೊಡೆದುಹಾಕಿದ್ದ ವಾಸನೆ ಸುತ್ತಿ ಬಳಸಿ ಬಂದೇಬಿಟ್ಟಿತು, ನೋಡಿ.) ಗುರುತಿಗೆ ಸರಿಯಾಗಿ ಕೂರಿಸಿದ. ಪ್ಲಗ್ ಬಿಚ್ಚಿಟ್ಟು ನಿಧಾನವಾಗಿ ತಿರುಗಿಸಿದ. ಅವಳು ಮ್ಯಾಗ್ನೆಟೊ ಮೇಲೆ ಅಂಗೈಯಿಟ್ಟು ನಿಂತಳು.

“ಟಕ್ ಅಂತು,” ಅಂದಳು. “ಅಂತು. ಮತ್ತೆ ಅಂತು.”

ಹನ್ನೆರಡು ಸಲ. ಪ್ಲಗ್ ಮತ್ತೆ ಬಿಗಿದದ್ದಾಯಿತು.

ಈಗ ಮುಕ್ತಾಯ ಬೇಕಲ್ಲ? ಗಾಡಿ ಕೆಮ್ಮಿ, ಹೊಗೆ ಉಗುಳಿ ಎದ್ದಿತು ಎನ್ನಬಹುದು. ಜಪ್ಪಯ್ಯ ಅನ್ನಲಿಲ್ಲ, ಗಾಡಿಯವರು ಮುಖ ಸಪ್ಪೆ ಮಾಡಿ ಹೋದರು ಎನ್ನಬಹುದು. ಹದಿಮೂರನೆಯ ಸಲ ಕೊಕ್ಕೆ ಮತ್ತೆ ಅಂಟಿತು ಎಂದೂ ಬರೆಯಬಹುದು. ಪೆನ್ನು ಅತ್ತಲೇ ಎಳೆಯುತ್ತಿದೆ.

“ಎಳೀಲಾ ಅಮ್ಮ?” ಅಂದ ಮೇಸ್ತ್ರಿ, ಕೈ ಹ್ಯಾಂಡಲ್ಲಿನ ಹತ್ತಿರ.

“ತಡೀಪ್ಪ.”

“ಎಷ್ಟು ಹೊತ್ತು?”

ಗೊತ್ತಿಲ್ಲ. ನಾಲ್ಕಕ್ಕೆ ಇನ್ನೂ ಅರ್ಧ ಗಂಟೆಯಿದೆ, ನಾನು ಗಡಿಯಾರ ಮುಂದಕ್ಕೆ ಓಡಿಸುವುದಿಲ್ಲ. ಅವಳು ಊಟದ ಡಬ್ಬಿ ತಂದಳು. ಅದರ ಮುಚ್ಚಳ ತೆಗೆದು, ಒಂದಿಷ್ಟೂ ಸದ್ದಾಗದಂತೆ ಮಡ್‌ಗಾರ್ಡಿನ ಮೇಲಿಟ್ಟು, ಡಬ್ಬಿಯನ್ನು ಅವನ ಬಲಗೈಗೆ ಕೊಟ್ಟಳು.