ಬೀರುವಿನೊಳಗೆ ನಾಲ್ವರು

"ಫ್ಯಾನ್ ಆಫ್ ಮಾಡು, ವೆನ್-ಹಾವ್! ಅದರ ಗರಗರ ಎಲ್ಲಾ ಮೈಕಿಗೆ ಬರ್ತಾ ಇದೆ!" ಸು-ಚಿನ್ ಬಟ್ಟೆ ಬೀರುವಿನೊಳಗಿಂದ ಕೂಗಿದಳು.

"ಆಗಲೇ ಆಫ್ ಮಾಡಿದೀನಿ. ನಿಂಗೆ ಕೇಳ್ತಿರೋದು ನನ್ನ ಉಸಿರು," ಎಂದ ಗಂಡ, ಹೊರಗಿನಿಂದ.

ಗೋಡೆಯಗಲದ ಆ ಬೀರುವಿನ ತುಂಬ ಚಳಿಗಾಲದ ರಜಾಯಿಗಳು ತೂಗುತ್ತಿದ್ದವು. ನಡುವೆ ಒಂದು ಸ್ಟೂಲು, ಒಂದು ಮೈಕು. ತೈನಾನ್‌ನ ಆ ಗಲ್ಲಿಯಲ್ಲಿ ಸ್ಕೂಟರುಗಳ ಸದ್ದು ಮುಟ್ಟದ ಜಾಗ ಅದೊಂದೇ. ವೆನ್-ಹಾವ್‌ನ ಷರ್ಟುಗಳು ಮಾತ್ರ ಎರಡು ವರ್ಷದಿಂದ ಸೋಫಾದ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಮುದುರಿಕೊಂಡಿದ್ದವು. ಅವನು ಜಗಳಗಂಟನಲ್ಲ. ಆದರೆ ಸುಕ್ಕು ಷರ್ಟು ತೊಟ್ಟು ಸೋದರಳಿಯನ ಮದುವೆಗೆ ಹೋಗಿ ಬಂದ ದಿನ ಹೇಳಿಬಿಟ್ಟಿದ್ದ: "ಹೊಸ ವರ್ಷದೊಳಗೆ ಒಂದು ಹೊಸ ಹಾಡು ಮಾಡು. ಆಗ್ಲಿಲ್ವಾ, ಬೀರು ನನ್ನ ಷರ್ಟಿಗೆ."

ಅವಳು ಒಪ್ಪಿಕೊಂಡಿದ್ದಳು. ಒಪ್ಪಿದ ಮೇಲೆ ಭಯ ಹತ್ತಿತು. ಮೊದಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದರೂ ಹಾಡು ತಾನಾಗಿ ಬಂದು ನಾಲಗೆಯ ಮೇಲೆ ಕೂರುತ್ತಿತ್ತು. ಈಗ ಬಾಯಿ ತೆರೆದರೆ ಬರುವುದೆಲ್ಲ ಹಳೆಯದೇ. ತಾನೇ ಹಾಡಿ, ತಾನೇ ಕೇಳಿ, ತನ್ನ ದನಿಯೆಂದರೆ ತನಗೇ ಸಾಕಾಗಿತ್ತು. ಕೊನೆಗೆ ತಿಂಡಿಯಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿ ಬಂದಳು: 'ಜೊತೆಗೆ ಹಾಡು ಕಟ್ಟುವವರು ಬೇಕು. ವಯಸ್ಸು ಕೇಳುವುದಿಲ್ಲ.'

ಚೀಟಿ ನೋಡಿದ ಇಬ್ಬರು ಇವತ್ತು ಬರುವವರಿದ್ದರು. ಪುಣ್ಯಕ್ಕೆ, ನಿನ್ನೆ ಮೂಲಂಗಿ ತುರಿಯುತ್ತಿದ್ದಾಗ ಒಂದು ರಾಗ ಇಡಿಯಾಗಿ, ಸಲೀಸಾಗಿ, ಎಷ್ಟೋ ದಿನದ ಗೆಳತಿಯಂತೆ ಒಳಗೆ ಬಂದುಬಿಟ್ಟಿತ್ತು. ಕತ್ತಲಾಗುವುದರೊಳಗೆ ರೆಕಾರ್ಡು ಮುಗಿಸಬೇಕಿತ್ತು. ಸಂಜೆಯಾದರೆ ಕಸದ ಗಾಡಿ ತನ್ನ ರಾಗ ನುಡಿಸುತ್ತ ಗಲ್ಲಿಗೆ ಬರುತ್ತದೆ, ಮನೆಮನೆಯವರೂ ಚೀಲ ಹಿಡಿದು ಓಡುತ್ತಾರೆ, ಮೇಲಿನ ಮನೆಯ ಖೋ ಅಜ್ಜಿ ಮೆಟ್ಟಿಲಿಳಿಯುತ್ತ "ತಾಳೋ… ತಾಳಪ್ಪೋ… ಬಂದೇ…" ಎಂದು ಕೂಗುತ್ತಾಳೆ. ಆ ಕೂಗು ರಜಾಯಿಗಳನ್ನೂ ತೂರಿಕೊಂಡು ಬರುತ್ತಿತ್ತು. ಅದನ್ನು ರೆಕಾರ್ಡಿನಿಂದ ಕತ್ತರಿಸಿ ಕತ್ತರಿಸಿ ಸು-ಚಿನ್‌ಗೆ ಸಾಕಾಗಿತ್ತು.

ಮೊದಲು ಬಂದವನು ಚ್ವಾಂಗ್ ಅಣ್ಣ, ನಿವೃತ್ತ ಬಸ್ ಡ್ರೈವರ್. ಕರವಸ್ತ್ರದಲ್ಲಿ ಸುತ್ತಿದ ಮೌತ್ ಆರ್ಗನ್ನನ್ನು ಕೂಸಿನಂತೆ ಹಿಡಿದಿದ್ದ. ಹಿಂದೆಯೇ ರೂ-ಫಾಂಗ್ ಬಂದಳು. ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುವ ಹುಡುಗಿ. ಬೆನ್ನಿಗೊಂದು ಪುಟ್ಟ ಗಿಟಾರು. ಸು-ಚಿನ್ ಸೀಬೆಹಣ್ಣಿನ ಹೋಳು ಮುಂದಿಟ್ಟಳು. ಆಗಷ್ಟೇ ಮುಗಿಸಿದ ರೆಕಾರ್ಡನ್ನು ನಾಚುತ್ತಲೇ ಕಿಟಕಿ ಪಕ್ಕದ ಸ್ಪೀಕರಿನಲ್ಲಿ ಹಚ್ಚಿದಳು.

ರಾಗ ಹೊರಟಿತು. ಚ್ವಾಂಗ್ ಅಣ್ಣನ ಮಂಡಿ ತಾಳ ಹಾಕತೊಡಗಿತು. ಸು-ಚಿನ್‌ಳ ಎದೆ ಹಗುರಾಯಿತು. ರೂ-ಫಾಂಗ್ ಯಾಕೋ ಗಡಿಯಾರ ನೋಡಿದಳು. ವೆನ್-ಹಾವ್ ಎದ್ದು ಅಡುಗೆಮನೆಗೆ ಹೋದ. ಅಲ್ಲಿಂದ ಪ್ಲಾಸ್ಟಿಕ್ಕಿನ ಪರಪರ ಸದ್ದು ಬಂತು. ಹೊರಬಂದಾಗ ಅವನ ಕೈಯಲ್ಲಿ ಬಾಯಿ ಕಟ್ಟಿದ ಕಸದ ಚೀಲವಿತ್ತು.

ಮೇಲಿನಿಂದ ಚಪ್ಪಲಿಗಳ ಟಪಟಪ. "ತಾಳೋ… ತಾಳಪ್ಪೋ… ಬಂದೇ…"

ಗಲ್ಲಿಯಲ್ಲಿ ಒಂದೊಂದೇ ಬಾಗಿಲು ತೆರೆದುಕೊಂಡಿತು. ಸ್ವಲ್ಪ ಹೊತ್ತಿಗೆ ಖೋ ಅಜ್ಜಿ ಎರಡು ಚೀಲ ಹಿಡಿದು ಏದುಸಿರು ಬಿಡುತ್ತ ಇವರ ಬಾಗಿಲಲ್ಲೇ ನಿಂತಳು. "ಗಾಡಿ ಎಲ್ಲಿ? ಇಡೀ ಗಲ್ಲಿ ಕೆಳಗೆ ನಿಂತಿದೆ. ರಾಗ ನಿಮ್ಮನೇಲಿ ಬರ್ತಾ ಇದೆಯಲ್ಲೇ!"

ಸು-ಚಿನ್ ಸ್ಪೀಕರು ಆರಿಸಿದಳು. ಸ್ವಲ್ಪ ನಿಧಾನ ಮಾಡಿದ್ದಳು, ಕೊನೆಯ ಸಾಲನ್ನು ತಿರುವಿದ್ದಳು. ಅಷ್ಟು ಬಿಟ್ಟರೆ ಅದು ಕಸದ ಗಾಡಿಯ ರಾಗವೇ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಸಂಜೆ ಸಂಜೆ ಕಿವಿಗೆ ಬಿದ್ದದ್ದು. ಬೀರುವಿನೊಳಗೆ ಹೋಗಿ ರಜಾಯಿ ಹೊದ್ದು ಮಲಗಿಬಿಡೋಣ ಅನ್ನಿಸಿತು ಅವಳಿಗೆ.

"ನಿಂಗೆ ಗೊತ್ತಿತ್ತಾ?" ಎಂದಳು ಗಂಡನಿಗೆ.

"ನಿನ್ನೆ ನೀನು ಗುನುಗಿದಾಗಲೂ ಕಸ ಕಟ್ಟಿಟ್ಟಿದ್ದೆ. ಯಾಕೆ ಅಂತ ನಂಗೇ ಗೊತ್ತಾಗ್ಲಿಲ್ಲ."

"ನಂಗಂತೂ ಒಳ್ಳೇದೇ ಆಯ್ತಮ್ಮ," ಎಂದ ಚ್ವಾಂಗ್ ಅಣ್ಣ. "ಅಭ್ಯಾಸನೇ ಬೇಕಾಗಿಲ್ಲ."

ರೂ-ಫಾಂಗ್ ಸೀಬೆಹಣ್ಣು ಬಾಯಿಗಡ್ಡ ಹಿಡಿದು ನಕ್ಕಳು. "ಅಕ್ಕಾ, ಊರೆಲ್ಲ ಎದ್ದು ಬರೋ ಹಾಡು ಇನ್ಯಾರಿಗೆ ಕಟ್ಟೋಕಾಗತ್ತೆ?"

"ನಗಿ ನಗಿ, ನನ್ನ ಮಂಡಿ ನಿಮ್ದಲ್ಲವಲ್ಲ," ಎಂದು ಅಜ್ಜಿ ಸೋಫಾದಲ್ಲಿ ಕುಸಿದಳು. "ಇಳಿದಿದ್ದಾಯ್ತು. ಗಾಡಿ ಬರೋವರೆಗೆ ನಾ ಇಲ್ಲೇ."

ವೆನ್-ಹಾವ್ ಸೋಫಾದ ಹಿಂದಿನ ಷರ್ಟುಗಳ ಕಡೆ ನೋಡಲಿಲ್ಲ. ನೋಡದೇ ಇರಲು ಅವನು ಪಡುತ್ತಿದ್ದ ಪಾಡೇ ಅವಳನ್ನು ಹೆಚ್ಚು ಚುಚ್ಚಿತು.

ನಿಜವಾದ ಗಾಡಿ ಬಂದಾಗ ಎಲ್ಲರೂ ಇಳಿದರು. ಒಮ್ಮೆ ಮೋಸ ಹೋದ ಗಲ್ಲಿ ಈ ಸಲ ತಡವಾಗಿ ಹೊರಬಂತು. ಗಾಡಿಯೂ ನಿಂತಂತೆ ಮಾಡಿ ಮುಂದೆ ಹೊರಟಿತು. ಅಜ್ಜಿ ಇನ್ನೂ ಮೆಟ್ಟಿಲ ಮೇಲೆಯೇ ಇದ್ದಳು.

"ತಾಳೋ… ತಾಳಪ್ಪೋ… ಬಂದೇ…"

ಗಾಡಿಯ ರಾಗ ಮುಗಿದು ಮತ್ತೆ ಶುರುವಾಗುವ ನಡುವಿನ ಬಿಡುವಿನಲ್ಲಿ ಆ ಕೂಗು ಮೇಲಕ್ಕೆ ಹತ್ತಿತು, ಒಂದಿಷ್ಟು ತಡೆಯಿತು, ಬಳುಕಿಕೊಂಡು ಇಳಿಯಿತು. ಸು-ಚಿನ್ ನಿಂತಲ್ಲೇ ನಿಂತಳು. ಇದು ಯಾವ ಗಾಡಿಯದೂ ಅಲ್ಲ. ಇದನ್ನೇ ಅಲ್ಲವೇ ತಾನು ಇಷ್ಟು ದಿನ ಕತ್ತರಿಸಿ ಎಸೆದದ್ದು!

"ಚ್ವಾಂಗ್ ಅಣ್ಣ, ಈಗ ಕೂಗಿದ್ದು…"

ಅವನು ಆಗಲೇ ಮೌತ್ ಆರ್ಗನ್ ತುಟಿಗಿಟ್ಟು ಆ ಕೂಗಿನ ಬೆನ್ನು ಹತ್ತಿದ್ದ.

"ಅಜ್ಜಿ, ಮೇಲೆ ಬಾ. ಎಲ್ಲರೂ ಬನ್ನಿ, ಬೇಗ!"

"ಈಗಷ್ಟೇ ಇಳಿದೆನಲ್ಲೇ, ಮಾರಾಯ್ತಿ! ಎಲ್ಲಿಗೆ?"

"ಬೀರುವಿನೊಳಕ್ಕೆ."

"ಸತ್ತಮೇಲೆ ಹೇಗೂ ಪೆಟ್ಟಿಗೇಲಿ ಮಲಗಿಸ್ತಾರೆ. ಈಗಲೇ ಯಾಕೆ?" ಎಂದಳು ಅಜ್ಜಿ. ಆದರೆ ಅವಳ ಕೂಗಿಗೆ ತಡೆದು ನಿಂತ ಗಾಡಿಗೆ ಚೀಲಗಳನ್ನೆಸೆದು, ರೂ-ಫಾಂಗ್‌ಳ ತೋಳು ಹಿಡಿದು ಮೆಟ್ಟಿಲು ಹತ್ತತೊಡಗಿದ್ದಳು.

ಬೀರುವಿನ ಬಾಗಿಲು ಮುಚ್ಚಿತು. ಹೊರಗೆ ನಾಲ್ಕು ಜೊತೆ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದವು. ಒಳಗೆ ತಳ್ಳಾಟ, ಯಾರದೋ ಮೊಣಕೈ, ಅಜ್ಜಿಯ ಬೈಗುಳ, ಆಮೇಲೆ ನಿಶ್ಶಬ್ದ. ಆಮೇಲೆ ಆ ಕೂಗು, ಮೆಲ್ಲಗೆ.

ವೆನ್-ಹಾವ್ ಕೋಣೆಯ ನಡುವೆ ನಿಂತಿದ್ದ. ಗಡಿಬಿಡಿಯಲ್ಲಿ ಅವನು ಗಾಡಿಗೆ ಹಾಕದೆಯೇ ವಾಪಸು ತಂದ ಕಸದ ಚೀಲ ಇನ್ನೂ ಕೈಯಲ್ಲೇ ಇತ್ತು. ಕೆಳಗಿಟ್ಟರೆ ಪ್ಲಾಸ್ಟಿಕ್ಕು ಸದ್ದು ಮಾಡುತ್ತಿತ್ತು. ಅವನು ಅದನ್ನು ಮೈಗೆ ತಾಕದಂತೆ ದೂರ ಹಿಡಿದು, ಉಸಿರು ಬಿಗಿಹಿಡಿದುಕೊಂಡೇ ನಿಂತ.